ಗುಡದಪ್ಪ ಫೋಟೋ ಕಾದ ಹತ್ತು ದಿನ

ಒಬ್ಬಳು ಅವ್ವ, ಒಬ್ಬ ಮಗ. ಅವ್ವನ ಹೆಸರು ನಿಂಬೆವ್ವ, ಮಗನ ಹೆಸರು ಗುಡದಪ್ಪ. ಗದಗಿನಿಂದ ಮುಕ್ಕಾಲು ತಾಸಿನ ದಾರಿ, ಒಂದು ಸಣ್ಣ ಊರು, ಆ ಊರಲ್ಲಿ ಇವರ ಮನೆ. ಗುಡದಪ್ಪ ಆಳು ಅಂದರೆ ಆಳು! ತಲೆ ಬಗ್ಗಿಸದೆ ಯಾವ ಬಾಗಿಲಲ್ಲೂ ಒಳಗೆ ಬಂದವನಲ್ಲ. ವಯಸ್ಸು ಮೂವತ್ತೊಂದು. ಕಳ್ಳತನ ಗೊತ್ತಿಲ್ಲ, ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ. ಒಂದೇ ಒಂದು ಊನ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

"ಒಲಿ ಮ್ಯಾಲ ಹಾಲೈತಿ, ನೋಡ್ತಿರು" ಅಂತ ಅವ್ವ ಹೇಳಿ ಹೋದರೆ, ಹಾಲು ಉಕ್ಕಿ, ಹರಿದು, ಒಲೆ ಆರುವ ತನಕ ನೋಡುತ್ತಿದ್ದ.

"ಉಕ್ಕೇತಲ್ಲೋ ಖೋಡಿ!"

"ಹೌದ್ಯವ್ವಾ. ಪೂರಾ ನೋಡಿದೆ."

ಕಿರಾಣಿ ಅಂಗಡಿಯವರು ಇವನನ್ನು ಮೂರು ದಿನ ಇಟ್ಟುಕೊಂಡರು. ಹಿಟ್ಟಿನ ಗಿರಣಿಯವರು ಒಂದೂವರೆ ದಿನ. ಅವ್ವ ಹಣೆ ಹಣೆ ಬಡಿದುಕೊಂಡಳು. "ನಾ ಕಣ್ಣು ಮುಚ್ಚಿದ ಮ್ಯಾಲ ಇವನ ಗತಿ ಏನು?" ಅಂತ ಬಂದವರನ್ನೆಲ್ಲ ಕೇಳಿದಳು. ಬಂದವರು ಏನು ಹೇಳ್ಯಾರು? ಚಾ ಕುಡಿದು ಎದ್ದು ಹೋದರು.

ಆ ಊರಲ್ಲಿ ಹಿಂದೆ ಹತ್ತಿಯ ಕಾಳು ಬಿಡಿಸುವ ಕಾರ್ಖಾನೆ ಇತ್ತು. ಅದಕ್ಕೆ ಆ ಕಡೆ ಜೀನು ಅಂತಾರೆ. ನಿಂಬೆವ್ವ ಮೂವತ್ತು ವರ್ಷ ಅದೇ ಜೀನಿನಲ್ಲಿ ಹತ್ತಿ ಹೊತ್ತವಳು. ಜೀನು ಮುಚ್ಚಿತು. ಅದರ ಆಫೀಸಿನ ಎರಡು ಕೋಣೆ ಹಾಳು ಬಿದ್ದಿದ್ದವು. ಕುಬೇರಪ್ಪ ಮಾಸ್ತರ ಅಂತ ಸಾಲಿಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು, ಆ ಕೋಣೆಗಳಿಗೆ ಸುಣ್ಣ ಬಳಿಸಿ, ಕಿಟಕಿಗೆ ಕರೀ ಕಾಗದ ಹಚ್ಚಿ, ವಿದ್ಯುದ್ದೀಪ ಹಾಕಿಸಿ, ಬಾಗಿಲ ಮೇಲೆ 'ಚಿತ್ರಶಾಲೆ' ಅಂತ ಬೋರ್ಡು ಬರೆದರು. ಊರವರು ಬೋರ್ಡು ಓದಿದರು. ಒಳಗೆ ಯಾರೂ ಬರಲಿಲ್ಲ.

ಮಾಸ್ತರರಿಗೆ ಒಬ್ಬ ಗೆಳೆಯ, ಖಾದರಸಾಬ. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಊರಿನ ಎಲ್ಲರ ಮುಖಕ್ಕೂ "ಗದ್ದ ಎತ್ರಿ, ನಗಬ್ಯಾಡ್ರಿ, ಅಲಗಾಡಬ್ಯಾಡ್ರಿ" ಅಂತ ಹೇಳಿದವನು. ಎಲ್ಲರ ಕೈಗೂ ಮೊಬೈಲು ಬಂತು, ಸ್ಟುಡಿಯೋ ಮುಚ್ಚಿತು. ಆಮೇಲೆ ಅವನಿಗೆ ಏನನ್ನಿಸಿತೋ! ಎರಡು ವರ್ಷ ಓಣಿ ಓಣಿ ತಿರುಗಿ, ಜೀನಿನಲ್ಲಿ ದುಡಿದ ಮುದುಕಿಯರನ್ನು ಹುಡುಕಿ, "ಈಗ ನಗ್ರಿ, ಬೇಕಾದಂಗ ಅಲಗಾಡ್ರಿ" ಅಂತ ಹೇಳಿ ಫೋಟೋ ತೆಗೆದ. ಪಾರವ್ವ ತಂಬಾಕು ತಿಕ್ಕುತ್ತ ಕೂತದ್ದು. ಕಾಶಿಂಬಿ ಆಡಿನ ಕಿವಿ ಹಿಡಿದು ನಿಂತದ್ದು. ನಿಂಬೆವ್ವ ರೊಟ್ಟಿ ಬಡಿಯುತ್ತ ಯಾರಿಗೋ ಬೈಯುತ್ತಿರುವುದು. ಹಿಂಗೆ ಇಪ್ಪತ್ತಮೂರು ಮುದುಕಿಯರು, ಇಪ್ಪತ್ತಮೂರು ದೊಡ್ಡ ಫೋಟೋ, ಗಾಜು ಕಟ್ಟು ಹಾಕಿಸಿದ್ದು.

"ಹತ್ತು ದಿನ ಗ್ವಾಡಿ ಮ್ಯಾಲ ಇರಲಿ ಮಾಸ್ತರ" ಅಂದ ಖಾದರಸಾಬ. "ಹೆಚ್ಚಿಂದೇನೂ ಬ್ಯಾಡ. ಇವರ ಮಕ್ಕಳು ಒಮ್ಮೆ ಬಂದು ನೋಡಲಿ. ದಿನಾ ನೋಡತಾರ, ಖರೆ. ಆದ್ರ ನೋಡಿಲ್ಲ."

ಕೆಲಸಕ್ಕೆ ಒಬ್ಬ ಆಳು ಬೇಕಾಯಿತು. ನಿಂಬೆವ್ವ ಸೆರಗು ಒಡ್ಡಿದಳು. "ನನ್ನ ಮಗನ್ನ ತಗೋರಿ ಮಾಸ್ತರ. ಹತ್ತ ದಿನ ಒಂದ ಕಡೆ ನಿಂತು ಕೆಲಸ ಮಾಡಿದ ಅಂತ ನಾ ಒಮ್ಮೆ ನೋಡತೀನಿ." ಮಾಸ್ತರರು ಮೆತ್ತಗಿನ ಮನುಷ್ಯ. ಆಗಲಿ ಅಂದರು.

ಪ್ರದರ್ಶನಕ್ಕೆ ಒಂದು ದಿನ ಮೊದಲು ಮಾಸ್ತರರು ಹೇಳಿದರು. "ಗುಡದಪ್ಪಾ, ಫೋಟೋ ಎಲ್ಲಾ ಕಣ್ಣಿನ ಮಟ್ಟಕ್ಕ ಹಾಕು. ಸಾಲು ತಪ್ಪಬಾರದು."

"ಆತ್ರಿ" ಅಂದ ಗುಡದಪ್ಪ. ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಬಿಗಿದ. ಮುದುಕಿಯರ ಕಣ್ಣೆಲ್ಲ ಆ ದಾರಕ್ಕೆ ಸರಿಯಾಗಿ ಕೂಡಿಸಿದ. ನಿಂತವಳ ಕಣ್ಣು ಫೋಟೋದ ತುದಿಗೆ, ಹಂಗಾಗಿ ಆ ಫೋಟೋ ಕೆಳಗೆ ಇಳಿಯಿತು. ಕೂತವಳ ಕಣ್ಣು ಫೋಟೋದ ನಡುವಿಗೆ, ಆ ಫೋಟೋ ಮೇಲೆ ಏರಿತು. ಗೋಡೆ ಮೇಲೆ ಕಟ್ಟುಗಳು ಹಲ್ಲು ಬಿದ್ದ ಬಾಚಣಿಗೆಯ ಹಾಗೆ ಮೇಲೆ ಕೆಳಗೆ, ಕಣ್ಣು ಮಾತ್ರ ನೆಟ್ಟಗೆ ಒಂದೇ ಸಾಲು! ಕಾಶಿಂಬಿಯ ಫೋಟೋ ಮಾತ್ರ ನೆಲದ ಮೇಲೆ ಹಾಗೇ ಇತ್ತು.

"ಇದ್ಯಾಕ ಹಾಕಿಲ್ಲೋ?"

"ಈಕಿ ನಕ್ಕೋತ ಕಣ್ಣು ಮುಚ್ಯಾಳ್ರಿ ಮಾಸ್ತರ. ಕಣ್ಣು ತಗದ ಮ್ಯಾಲ ಹಾಕತೀನಿ."

"ಹುಚ್ಚಪ್ಪಾ! ಫೋಟೋದಾಗಿನ ಕಣ್ಣಲ್ಲೋ! ನೋಡೋರ ಕಣ್ಣು! ನೋಡಾಕ ಬಂದವರ ಕಣ್ಣು ಎಲ್ಲಿರತಾವ, ಫೋಟೋ ಅಲ್ಲಿಗೆ ಬರಬೇಕು!"

"ಹಂಗೇನ್ರಿ? ಮೊದಲ ಹೇಳಬೇಕಿಲ್ಲ?"

ಮಾಸ್ತರರು ತಾವೇ ನಿಂತು ಎಲ್ಲ ಬಿಚ್ಚಿ ಮತ್ತೆ ಹಾಕಿದರು. ಮರುದಿನ ಪ್ರದರ್ಶನ ಸುರುವಾಯಿತು. ಮಾಸ್ತರರೂ ಖಾದರಸಾಬನೂ ಓಣಿಯಲ್ಲಿ ಕರೆಯಲು ಹೋದರು. ಅತ್ತ ಅವರು ಹೋದರು, ಇತ್ತ ಮೊದಲನೆಯ ಮನುಷ್ಯ ಬಂದ. ಬಿಸಿಲಿಗೆ ದಣಿದ ಒಬ್ಬ ಮುದುಕ. ಬಂದವನೇ ಬೆಂಚಿನ ಮೇಲೆ ಕೂತ, ಕೂತವನೇ ನಿದ್ದೆ ಹೋದ.

ನೋಡುವವರ ಕಣ್ಣು ಎಲ್ಲಿರತಾವ, ಫೋಟೋ ಅಲ್ಲಿಗೆ ಬರಬೇಕು! ಗುಡದಪ್ಪ ಗೋಡೆ ಮೇಲಿನ ಪಾರವ್ವನನ್ನು ಇಳಿಸಿ, ಮುದುಕನ ಮೂಗಿಗೆ ಹತ್ತುವಷ್ಟು ಹತ್ತಿರ ಹಿಡಿದು ನಿಂತ. ಅರ್ಧ ತಾಸು ನಿಂತ. ಮುದುಕ ಕಣ್ಣು ತೆರೆದ. ಎದುರಿಗೆ ಗೇಣು ದೂರದಲ್ಲಿ ತಂಬಾಕು ತಿಕ್ಕುತ್ತಿರುವ ಹೆಂಗಸಿನ ದೊಡ್ಡ ಮುಖ!

"ಯಾರವ್ವಾ ನೀ!" ಅಂತ ಕಿರುಚಿ, ಚಪ್ಪಲಿ ಬಿಟ್ಟು ಓಡಿದ.

ಗುಡದಪ್ಪ ಬಿಡಲಿಲ್ಲ. ಫೋಟೋ ಹೊತ್ತು ಹಿಂದೆ ಓಡಿದ. "ಇನ್ನ ಇಪ್ಪತ್ತೆರಡ ಅದಾವ್ರಿ! ನೋಡಿ ಹೋಗ್ರಿ!"

ಮಾಸ್ತರರು ಎದುರು ಬಂದರು. ಮಗ್ಗಲಲ್ಲಿ ಖಾದರಸಾಬ. ತನ್ನ ಫೋಟೋ ಬೀದಿಯಲ್ಲಿ ಓಡುವುದನ್ನು ನೋಡಿ ಅವನು ಎದೆ ಹಿಡಿದುಕೊಂಡ.

"ಗಾಜು ಒಡದ್ರ ಏನಪ್ಪಾ ಗತಿ?" ಅಂದರು ಮಾಸ್ತರರು. "ಗ್ವಾಡಿ ಮ್ಯಾಲ ಇದ್ದದ್ದನ್ನ ಮುಟ್ಟಬಾರದು! ನೀನೂ ಮುಟ್ಟಬ್ಯಾಡ, ಮತ್ತೊಬ್ಬರನ್ನೂ ಮುಟ್ಟಗೊಡಬ್ಯಾಡ! ತಿಳೀತಾ?"

"ತಿಳೀತ್ರಿ. ಗ್ವಾಡಿ ಮ್ಯಾಲಿಂದು ಮುಟ್ಟಬಾರದು."

ಎರಡು ದಿನ ಹೋದವು, ಮೂರು ದಿನ ಹೋದವು. ನಾಲ್ಕು ಮಂದಿ ಬಂದರು, ಐದು ಮಂದಿ ಬಂದರು. ಮುದುಕಿಯರ ಮಕ್ಕಳು ಮಾತ್ರ ಒಬ್ಬರೂ ಬರಲಿಲ್ಲ. ಪಾರವ್ವನ ಮಗ ಬಸವಂತನ ಸೈಕಲ್ ಅಂಗಡಿ ಚಿತ್ರಶಾಲೆಯಿಂದ ಕೂಗಳತೆಯಲ್ಲಿತ್ತು. ಖಾದರಸಾಬ ತಾನೇ ಹೋಗಿ ಕರೆದ. "ನಮ್ಮವ್ವನ ಮುಖ ನೋಡಾಕ ಅಲ್ಲಿ ತನಕ ಯಾಕ ಬರಬೇಕ್ರಿ ಸಾಬರ? ಮನ್ಯಾಗ ಐತಲ್ಲ" ಅಂದ ಬಸವಂತ. ಖಾದರಸಾಬ ತಿರುಗಿ ಬಂದ. ಅವತ್ತು ಅವನು ಚಾ ಕುಡಿಯಲಿಲ್ಲ.

ಏಳನೆಯ ದಿನ ದೇವರು ಕಣ್ಣು ತೆರೆದ ಹಾಗಾಯಿತು. ಕಾಲೇಜಿನಿಂದ ಮೂವತ್ತು ಹುಡುಗ ಹುಡುಗಿಯರು, ಅವರ ಹಿಂದೆ ಒಬ್ಬ ಮೇಡಂ, ಸಾಲಾಗಿ ಬಂದರು. ಮಾಸ್ತರರು ದೀಪ ಆರಿಸಿ ಊಟಕ್ಕೆ ಹೋಗಿದ್ದರು. ಒಳಗೆ ಕತ್ತಲೆ. ಕಿಟಕಿಗೆ ಕರೀ ಕಾಗದ ಇತ್ತಲ್ಲ!

"ದೀಪ ಹಾಕ್ರಿ" ಅಂದರು ಮೇಡಂ.

"ಆಗೂದಿಲ್ರಿ" ಅಂದ ಗುಡದಪ್ಪ.

"ಯಾಕ್ರಿ, ಕರೆಂಟ್ ಇಲ್ಲೇನು?"

"ಕರೆಂಟ್ ಐತ್ರಿ. ಬಟನ್ ಗ್ವಾಡಿ ಮ್ಯಾಲ ಐತ್ರಿ. ಗ್ವಾಡಿ ಮ್ಯಾಲಿಂದು ಮುಟ್ಟಂಗಿಲ್ಲ."

ಒಬ್ಬ ಹುಡುಗಿ ನಗುತ್ತ ಬಟನ್ನಿಗೆ ಕೈ ಚಾಚಿದಳು. ಗುಡದಪ್ಪ ಎರಡೂ ತೋಳು ಅಗಲಿಸಿ ಅಡ್ಡ ನಿಂತ. ಆರಡಿ ಆಳು! ಯಾರು ದಾಟ್ಯಾರು? ಮೂವತ್ತು ಮಂದಿ ಕತ್ತಲೆ ಕೋಣೆಯಲ್ಲಿ ಸುತ್ತು ಹಾಕಿದರು, ಒಬ್ಬರ ಕಾಲು ಒಬ್ಬರು ತುಳಿದರು, ಹೊರಗೆ ಹೋದರು. ಅಭಿಪ್ರಾಯ ಬರೆಯುವ ಪುಸ್ತಕದಲ್ಲಿ ಒಬ್ಬ ಹುಡುಗ ಹೋಗುವಾಗ ಬರೆದ: 'ಏನೂ ಕಾಣಲಿಲ್ಲ.'

ಆ ಎರಡು ಪದವನ್ನು ಖಾದರಸಾಬ ಬಹಳ ಹೊತ್ತು ನೋಡುತ್ತ ಕೂತ. ಗುಡದಪ್ಪನಿಗೆ ಅವನು ಬೈಯಲಿಲ್ಲ. ಅದನ್ನೇ ಮಾಸ್ತರರಿಗೆ ತಡೆಯಲಾಗಲಿಲ್ಲ. ನಿಂಬೆವ್ವನನ್ನು ಕರೆಸಿದರು. "ಇನ್ನ ಮೂರು ದಿನ ಐತಿ ನಿಂಬೆವ್ವಾ. ನಿನ್ನ ಮಗನಿಗೆ ನೀನ ಒಂದಿಷ್ಟು ಹೇಳು. ನನ್ನ ಮಾತು ತೀರಿದವು."

ನಿಂಬೆವ್ವ ಮಗನ ತೋಳು ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಹಿಟ್ಟಿನ ಕೈಯಲ್ಲೇ ಬೆನ್ನಿಗೆ ಒಂದು ಗುದ್ದಿದಳು. ಕೈ ನೊಂದದ್ದು ಅವಳಿಗೇ.

"ಲೇ ಬುದ್ಧಿಗೇಡಿ, ಫೋಟೋಕ್ಕ ಒಂದು ಮರ್ಯಾದಿ ಇರತೈತಿ! ಮನ್ಯಾಗ ನಿಮ್ಮಪ್ಪನ ಫೋಟೋ ಐತಲ್ಲ, ಅದಕ್ಕ ಹೆಂಗ ನಡಕೋತೀವಿ? ಕತ್ತಲಾಗ ಇಡತೀವೇನು? ದೀಪ ಹಚ್ಚೂದಿಲ್ಲ? ಹಂಗ ನಡಕೋ!"

"ಹಂಗೇನ ಯವ್ವಾ? ಅದು ನನಗ ಬರತೈತಲ್ಲ!"

ಬರತಿತ್ತು, ಖರೆ. ಅಪ್ಪನ ಫೋಟೋದ ಕೆಲಸ ದಿನವೂ ಅವನದೇ. ಮರುದಿನ ನಸುಕಿನಲ್ಲಿ ಎದ್ದ. ಜೀನಿನ ಹಿತ್ತಲಲ್ಲಿ ಚೆಂಡುಹೂ ತಾನಾಗೇ ಬೆಳೆದಿತ್ತು. ಬುಟ್ಟಿ ತುಂಬ ಹರಿದ, ಸೂಜಿ ದಾರ ಹಿಡಿದು ಕೂತ. ಇಪ್ಪತ್ತಮೂರು ಹಾರ ಕಟ್ಟಿದ. ಗಾಜು ಒರೆಸಿ, ಇಪ್ಪತ್ತಮೂರು ಹಣೆಗೂ ವಿಭೂತಿ ಹಚ್ಚಿದ. ಕಾಶಿಂಬಿಗೂ ಬಿಡಲಿಲ್ಲ! ಹಾರ ಹಾಕಿದ. ಊದಿನಕಡ್ಡಿ ಹಚ್ಚಿದ. ದೀಪವೆಲ್ಲ ಹಾಕಿದ. ಬಾಗಿಲು ತೆರೆದು ಕೈಕಟ್ಟಿ ನಿಂತ.

ಊದಿನಕಡ್ಡಿ ವಾಸನೆ ಬೀದಿಗೆ ಹೋಯಿತು. ನೀರು ತರುವ ಹೆಂಗಸರು ಇಣುಕಿ ನೋಡಿದರು. ಕೊಡ ಅಲ್ಲೇ ಇಟ್ಟು ಓಡಿದರು. ಹತ್ತು ಗಂಟೆಯೊಳಗೆ ಫೋಟೋದೊಳಗಿನ ಮುದುಕಿಯರಲ್ಲಿ ಎಂಟೊಂಬತ್ತು ಮಂದಿ ಕೋಲೂರಿಕೊಂಡು ಬಂದೇ ಬಿಟ್ಟರು.

"ನಾ ಯಾವಾಗ ಸತ್ತೆನೋ ಹಾಟ್ಯಾ?" ಅಂತ ಕೂಗಿದಳು ಪಾರವ್ವ.

"ನನಗ ಈಬತ್ತಿ ಹಚ್ಚಿ ಜಂಗಮ ಮಾಡ್ಯಾನಲ್ಲೇ!" ಅಂತ ಕಾಶಿಂಬಿ ಬಾಯಿಗೆ ಸೆರಗು ಹಿಡಿದಳು. ಬೈಯಲು ಬಂದವಳಿಗೆ ನಗು ಬಂದಿತ್ತು.

ಒಬ್ಬಳು ಬೈದಳು, ಒಬ್ಬಳು ನಕ್ಕಳು. ಆಮೇಲೆ ಒಬ್ಬೊಬ್ಬರೇ ಹತ್ತಿರ ಹೋದರು. ತಮ್ಮ ತಮ್ಮ ಫೋಟೋ ಮುಂದೆ ನಿಂತರು. "ಹಾರ ಚಂದ ಕಟ್ಟ್ಯಾನ" ಅಂದಳು ಪಾರವ್ವ, ಮೆಲ್ಲಗೆ. "ಹೋದ ಮ್ಯಾಲ ಯಾರು ಕಟ್ಟತಾರೋ ಇಲ್ಲೋ. ಕಣ್ಣಿಲೆ ನೋಡಿದಂಗಾತು."

ನಿಂಬೆವ್ವನೂ ಬಂದಳು. ಫೋಟೋದಲ್ಲಿ ರೊಟ್ಟಿ ಬಡಿಯುವ ನಿಂಬೆವ್ವ, ಕೊರಳಲ್ಲಿ ಚೆಂಡುಹೂವಿನ ಹಾರ. ಉಳಿದವರ ಹಾರಕ್ಕಿಂತ ಒಂದು ಗೇಣು ಉದ್ದ, ನಡುವೆ ಒಂದು ಕೆಂಪು ದಾಸವಾಳ. ಅವಳು ಬೆಂಚಿನ ಮೇಲೆ ಕೂತಳು.

"ಗುಡದಪ್ಪಾ, ಬಾ ಇಲ್ಲಿ."

ಅವನು ಬಂದು ನೆಲದ ಮೇಲೆ ಕೂತ. ಕೂತರೂ ಅವಳ ಹೆಗಲಿಗೆ ಬರುತ್ತಿದ್ದ.

"ನಾ ಹೋದ ಮ್ಯಾಲ ಹಾರ ಹಾಕಾಕ ನೀ ಇರತಿ. ನಿನಗ ರೊಟ್ಟಿ ಹಾಕಾಕ ಯಾರೋ?"

ಗುಡದಪ್ಪ ವಿಚಾರ ಮಾಡಿದ. ಬಹಳ ಹೊತ್ತು ಮಾಡಿದ. "ನೀನ ಹಾಕಬೇಕಲ್ಲ ಯವ್ವಾ? ನನಗ ಹಸಿವಾಗಿರತೈತಿ" ಅಂದ.

ನಿಂಬೆವ್ವ ಎದ್ದಳು. ಕಣ್ಣು ಒರೆಸಿಕೊಂಡಳು. ತನ್ನ ಹಾರ ತಾನೇ ತೆಗೆದಳು, ಮಗನ ಕೈಗೆ ಕೊಟ್ಟಳು. "ಕೇಳು. ಬದುಕಿದವರಿಗೆ ಹಾರ ಅಲ್ಲ. ಬದುಕಿದವರಿಗೆ ಕುರ್ಚಿ ಕೊಡಬೇಕು, ಚಾ ಕೊಡಬೇಕು, 'ಹೆಂಗದೀರಿ?' ಅಂತ ಕೇಳಬೇಕು. ಇಷ್ಟ ಮಾಡು, ಸಾಕು. ಇದರಾಗ ತಪ್ಪುವಂಥಾದ್ದು ಏನೈತಿ?"

"ಏನೂ ಇಲ್ಲ ಯವ್ವಾ."

ಹತ್ತನೆಯ ದಿನ, ಕಡೆಯ ದಿನ. ಸಮಾರೋಪಕ್ಕೆ ಪುರಸಭೆ ಅಧ್ಯಕ್ಷರು ಬರುವವರಿದ್ದರು. ಇಪ್ಪತ್ತಮೂರು ಮುದುಕಿಯರನ್ನೂ ಖಾದರಸಾಬ ಕರೆದಿದ್ದ, ಅವರ ಮನೆಯವರನ್ನೂ ಕರೆದಿದ್ದ. ಬಾಡಿಗೆ ಕುರ್ಚಿ ತರಿಸಿದ್ದರು, ಕೆಟಲಿ ತುಂಬ ಚಾ ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಮಾಸ್ತರರು ಅಧ್ಯಕ್ಷರನ್ನು ಕರೆದುಕೊಂಡು ಒಳಗೆ ಬಂದರು. ಕೂಡಲು ಒಂದು ಕುರ್ಚಿ ಇರಲಿಲ್ಲ!

ಇಪ್ಪತ್ತಮೂರು ಫೋಟೋ, ಇಪ್ಪತ್ತಮೂರು ಕುರ್ಚಿ. ಒಂದೊಂದು ಫೋಟೋದ ಎದುರಿಗೆ ಒಂದೊಂದು ಕುರ್ಚಿ, ಗೋಡೆಗೆ ಮುಖ ಮಾಡಿ. ಕುರ್ಚಿ ಮೇಲೆ ಒಂದೊಂದು ಕಪ್ಪಿನಲ್ಲಿ ಚಾ, ಹಬೆ ಆಡುತ್ತಿತ್ತು. ಗುಡದಪ್ಪ ಒಂದೊಂದೇ ಫೋಟೋಕ್ಕೆ ಬಗ್ಗಿ ಕೇಳುತ್ತಿದ್ದ. "ಹೆಂಗದೀರಿ ಪಾರವ್ವತ್ತಿ? ಆಡು ಹೆಂಗೈತಿ ಚಾಚಿ?"

"ಅಧ್ಯಕ್ಷರಿಗೆ ಕುರ್ಚಿ ಬಿಡೋ!" ಅಂದರು ಮಾಸ್ತರರು.

"ಇವರು ಮೊದಲ ಬಂದಾರ್ರಿ" ಅಂದ ಗುಡದಪ್ಪ.

ಅಧ್ಯಕ್ಷರು ನಿಂತೇ ಭಾಷಣ ಮಾಡಿದರು. ಕಾಲು ನೋವು ಇತ್ತೋ ಏನೋ, ನಾಲ್ಕೇ ಮಾತಿಗೆ ಮುಗಿಸಿ ಹೊರಟರು. ಅಷ್ಟರಲ್ಲಿ ಮುದುಕಿಯರು ಬಂದರು. ಮಕ್ಕಳು ಯಾರೂ ಬಂದಿರಲಿಲ್ಲ, ಮುದುಕಿಯರೇ ಬಂದರು. ತಮ್ಮ ಫೋಟೋ ಮುಂದಿನ ಕುರ್ಚಿ ತಮ್ಮದೇ ಅಂದುಕೊಂಡರು. ಕಪ್ಪು ಕೈಗೆ ತೆಗೆದುಕೊಂಡು ಕೂತರು. ಇಪ್ಪತ್ತಮೂರು ಮುದುಕಿಯರು, ಒಬ್ಬೊಬ್ಬಳೂ ತನ್ನ ಎದುರಿಗೆ ತಾನು ಕೂತು ಚಾ ಕುಡಿದಳು. ಕಪ್ಪು-ಬಸಿಯ ಸಪ್ಪಳ ಅಷ್ಟೇ. ಖಾದರಸಾಬ ಬಾಗಿಲಲ್ಲಿ ನಿಂತು ನೋಡಿದ. ಕ್ಯಾಮೆರಾ ಕೊರಳಲ್ಲೇ ಇತ್ತು. ಅದನ್ನು ಎತ್ತಲಿಲ್ಲ.

ಮಾಸ್ತರರು ಗುಡದಪ್ಪನ ಬೆನ್ನು ತಟ್ಟಿದರು. ಅವನ ಜನ್ಮದಲ್ಲಿ ಮೊದಲ ಸಲ!

"ಭೇಷ್ ಗುಡದಪ್ಪಾ! ಗ್ವಾಡಿ ಮ್ಯಾಗಿನವರೂ ಮನಷ್ಯಾರ ಅಂತ ನಿನಗೊಬ್ಬನಿಗೆ ತಿಳೀತು. ಈಗ ಒಂದ ಕೆಲಸ. ಇವರನ್ನೆಲ್ಲಾ ಹುಷಾರಾಗಿ ಅವರವರ ಮನಿಗೆ ಮುಟ್ಟಿಸಿ ಬಾ. ಒಬ್ಬರನ್ನೂ ಬಿಡಬ್ಯಾಡ."

"ಆತ್ರಿ!" ಅಂದ ಗುಡದಪ್ಪ. ಎದೆ ಉಬ್ಬಿತ್ತು.

ಹೊರಡುವ ಮೊದಲು ಮಾಸ್ತರರು ಮುದುಕಿಯರನ್ನು ಹಿತ್ತಲ ಬೇವಿನ ನೆರಳಿಗೆ ಅವಲಕ್ಕಿ ತಿನ್ನಲು ಕರೆದುಕೊಂಡು ಹೋದರು. ಗುಡದಪ್ಪ ಒಂದು ಕೈಗಾಡಿ ತಂದ. ಗೋಡೆ ಮೇಲಿನವರನ್ನು ಒಬ್ಬೊಬ್ಬರನ್ನೇ ಇಳಿಸಿದ. ಗಾಜಿಗೆ ಧೂಳು ಹತ್ತಬಾರದು ಅಂತ ಒಂದೊಂದಕ್ಕೂ ಬಿಳಿ ಬಟ್ಟೆ ಸುತ್ತಿದ. ಗಾಡಿ ತುಂಬಿ, ಓಣಿ ಹಿಡಿದ.

ಮೊದಲು ಪಾರವ್ವನ ಮನೆ. ಬಾಗಿಲಲ್ಲಿ ಸೊಸೆ ಕಾಳು ಹಸನು ಮಾಡುತ್ತಿದ್ದಳು. ಗುಡದಪ್ಪ ಬಿಳಿ ಬಟ್ಟೆ ಬಿಚ್ಚಿ, ಫೋಟೋ ಕಟ್ಟೆ ಮೇಲೆ ಒರಗಿಸಿ ಇಟ್ಟ.

"ಇದೇನೋ? ನಮ್ಮತ್ತಿ ಎಲ್ಲಿ?"

"ಇಲ್ಲೇ ಅದಾರಲ್ರಿ. ಹುಷಾರಾಗಿ ಮನಿಗೆ ಮುಟ್ಟಿಸು ಅಂತ ಮಾಸ್ತರ ಹೇಳ್ಯಾರ. ಮುಟ್ಟಿಸೀನಿ."

ಸೊಸೆ ಮೊರ ಒಗೆದಳು. "ಅಯ್ಯಯ್ಯೋ! ಮುಂಜಾನೆ ನಗನಗತಾ ಹೋದಾಕಿ! ಫೋಟೋ ಆಗಿ ಬಂದ್ಯೇನ ಅತ್ತೀ!"

ಗುಡದಪ್ಪ ಕೈಮುಗಿದು ಮುಂದಿನ ಮನೆಗೆ ಹೋದ. ಅಲ್ಲೂ ಒಬ್ಬರನ್ನು ಮುಟ್ಟಿಸಿದ, ಅಲ್ಲೂ ಕೂಗು ಎದ್ದಿತು. ಅದರ ಮುಂದಿನ ಮನೆ, ಅಲ್ಲೂ ಕೂಗು. ಓಣಿಗೆ ಓಣಿಯೇ ಬೋರಾಡಿ ಅತ್ತಿತು. ಬಸವಂತ ಸೈಕಲ್ ಚಕ್ರ ಕೈಯಲ್ಲೇ ಹಿಡಿದು, ಬರಿಗಾಲಲ್ಲಿ ಚಿತ್ರಶಾಲೆಗೆ ಓಡಿದ. ಅವನ ಹಿಂದೆ ಇಪ್ಪತ್ತು ಮನೆಯ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಚಿತ್ರಶಾಲೆ ತುಂಬಿತು. ಗೋಡೆ ಮೇಲೆ ಬರೀ ಮೊಳೆ. ಹಿತ್ತಲಿಗೆ ನುಗ್ಗಿದರು. ಬೇವಿನ ಕೆಳಗೆ ಮುದುಕಿಯರು ಅವಲಕ್ಕಿ ತಿನ್ನುತ್ತಿದ್ದರು.

"ಯವ್ವಾ... ಅದೀಯೇನ?" ಅಂದ ಬಸವಂತ.

ಪಾರವ್ವ ತಲೆ ಎತ್ತಿದಳು. "ಅದೀನಿ. ನೀ ಯಾಕ ಅಂಗಡಿ ಬಿಟ್ಟು ಬಂದಿ?"

ಬಸವಂತ ಚಕ್ರ ಕೆಳಗಿಟ್ಟು ಅವಳ ಎದುರಿಗೆ ಮೊಣಕಾಲೂರಿ ಕೂತ. ಅವಳ ಮುಖ ನೋಡಿದ. ಸುಕ್ಕು ನೋಡಿದ, ತಂಬಾಕಿನ ಹಲ್ಲು ನೋಡಿದ. ಬಹಳ ಹೊತ್ತು ನೋಡಿದ. ಹಿತ್ತಲ ತುಂಬ ಮಕ್ಕಳು ತಮ್ಮ ತಮ್ಮ ಅವ್ವಂದಿರನ್ನು ಹಂಗೇ ನೋಡುತ್ತಿದ್ದರು.

ಮಾಸ್ತರರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ಫೋಟೋ ಎಲ್ಲಾ ಹಂಚಿ ಬಂದನಲ್ಲೋ ಖಾದರಾ! ತಿರುಗಿ ತರಸಲೇನು?"

"ಬ್ಯಾಡ" ಅಂದ ಖಾದರಸಾಬ. "ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಗ್ಯಾವ. ಇರಲಿ ಬಿಡು."

ನಿಂಬೆವ್ವ ಮಾತ್ರ ಆ ಗದ್ದಲದಲ್ಲಿ ನಿಲ್ಲಲಿಲ್ಲ. ಅವಳನ್ನು ಹುಡುಕಿಕೊಂಡು ಯಾರೂ ಓಡಿ ಬಂದಿರಲಿಲ್ಲ. ಬರುವ ಒಬ್ಬ ಮಗ ಗಾಡಿ ತಗೊಂಡು ಎತ್ತ ಹೋಗಿದ್ದನೋ! ಸೆರಗು ಸಿಗಿಸಿಕೊಂಡು ಬಿರಬಿರನೆ ಮನೆಗೆ ನಡೆದಳು. ಮನೆ ಮುಂದೆ ಖಾಲಿ ಗಾಡಿ ನಿಂತಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹೊಸ್ತಿಲ ಮೇಲೆ ಗುಡದಪ್ಪ ಕಾವಲು ಕೂತಿದ್ದ. ಅವ್ವನನ್ನು ನೋಡಿ ದಿಗಿಲುಬಿದ್ದು ಎದ್ದು ನಿಂತ. ತಲೆ ಚೌಕಟ್ಟಿಗೆ ಬಡಿಯಿತು.

"ಯವ್ವಾ! ಎಲ್ಲಾರಕಿಂತ ಜ್ವಾಕೀಲೆ ನಿನ್ನ ಮನಿಗೆ ಮುಟ್ಟಿಸೀನಿ, ನಾನ ಚಿಲಕ ಹಾಕಿ ಕುಂತೀನಿ. ಯಾ ಕಡೆಯಿಂದ ಹೊರಗ ಬಂದಿ ನೀ?"